ತಗಡಿನ ಮೇಲೆ ಮನುಷ್ಯನ ಮೈ

ಕಾಗದದ ಮೇಲೆ ಗೆರೆ ತಪ್ಪಿದರೆ ನೀವು ಉಜ್ಜಿ ಅಳಿಸಬಹುದು. ತಾಮ್ರದ ತಗಡಿನಲ್ಲಿ ಕೊರೆದ ಗೆರೆಯನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಯೂರೋಪಿನ ಪುನರುಜ್ಜೀವನ ಕಾಲದ ಕಲಾವಿದರು ಇಂಥ ತಗಡಿನ ಮೇಲೆಯೇ ಮನುಷ್ಯದೇಹದ ಚೆಲುವನ್ನು ಹಿಡಿಯಹೊರಟರು. ಅವರಲ್ಲಿ ಅಗ್ರಗಣ್ಯನೆಂದರೆ ಜರ್ಮನಿಯ ನ್ಯೂರೆಂಬರ್ಗ್ ನಗರದ ಆಲ್ಬ್ರೆಷ್ಟ್ ಡ್ಯೂರರ್ (1471–1528).

ಡ್ಯೂರರ್ ಅಕ್ಕಸಾಲಿಗನ ಮಗ. ಮೊದಲು ಕಲಿತದ್ದು ತಂದೆಯ ಕಸುಬನ್ನೇ. ತಾರುಣ್ಯದಲ್ಲಿ ಅವನನ್ನೊಂದು ಪ್ರಶ್ನೆ ಕಾಡಿತು: ಸುಂದರವಾದ ದೇಹಕ್ಕೆ ನಿಶ್ಚಿತವಾದ ಅಳತೆ ಉಂಟೆ? ಇಟಲಿಯ ಯಾಕೊಪೊ ದೆ ಬಾರ್ಬರಿ ಎಂಬ ಚಿತ್ರಕಾರ ಅಳತೆಯಿಂದ ಬರೆದ ಸ್ತ್ರೀಪುರುಷರ ಚಿತ್ರಗಳನ್ನು ತೋರಿಸಿದನಂತೆ. ಗುಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ. ಡ್ಯೂರರ್ ಪ್ರಾಚೀನ ರೋಮಿನ ವಿಟ್ರೂವಿಯಸನ ಗ್ರಂಥವನ್ನು ತೆರೆದ. ಗದ್ದದಿಂದ ಕೂದಲಂಚಿನವರೆಗಿನ ಮುಖ ದೇಹದ ಎತ್ತರದಲ್ಲಿ ಹತ್ತರಲ್ಲೊಂದು ಪಾಲು ಎಂಬಂಥ ಲೆಕ್ಕಗಳು ಅದರಲ್ಲಿದ್ದವು. ಕೈವಾರ ಹಿಡಿದು ತಾನೇ ಹುಡುಕತೊಡಗಿದ.

ಆ ಹುಡುಕಾಟದ ಫಲ 1504ರ ‘ಆಡಂ ಮತ್ತು ಈವ್’. ಎತ್ತರ ಸುಮಾರು 25 ಸೆಂಟಿಮೀಟರು, ಅಷ್ಟೆ. ಉಕ್ಕಿನ ಉಳಿಯಿಂದ ತಾಮ್ರವನ್ನು ಕೊರೆದು, ಗೆರೆಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ತೇವದ ಕಾಗದದ ಮೇಲೆ ಒತ್ತಿ ತೆಗೆದ ಚಿತ್ರವಿದು. ಹಿಂದೆ ಕಪ್ಪು ಕಾಡು, ಮುಂದೆ ಬೆಳ್ಳಗೆ ಹೊಳೆಯುವ ಎರಡು ಮೈಗಳು. ಕಾಲ ಬಳಿ ಬೆಕ್ಕು, ಅದರ ಮುಂದೆಯೇ ಇಲಿ; ಬೆಕ್ಕು ಇನ್ನೂ ನೆಗೆದಿಲ್ಲ. ಈ ಚಿತ್ರದ ಪರೀಕ್ಷಾ ಪ್ರತಿಗಳು ಉಳಿದಿವೆ. ಅವುಗಳಲ್ಲಿ ಕಾಡು ಬಹುಮಟ್ಟಿಗೆ ಮುಗಿದಿದೆ, ದೇಹಗಳು ಇನ್ನೂ ಹೆಚ್ಚಾಗಿ ಬರಿಯ ರೇಖೆಗಳಾಗಿ ಕಾದಿವೆ.

ಸುಮಾರು 1515ರಲ್ಲಿ ಅವನು ಬೇರೊಂದು ವಿಧಾನಕ್ಕೆ ಕೈಹಾಕಿದ. ಕಬ್ಬಿಣದ ತಗಡಿಗೆ ಆಮ್ಲ ತಾಗದಂಥ ಲೇಪ ಬಳಿದು, ಸೂಜಿಯಿಂದ ಗೀಚಿದರೆ ಸಾಕು. ಗೀಚಿದಲ್ಲಿ ಆಮ್ಲವೇ ಲೋಹವನ್ನು ತಿನ್ನುತ್ತದೆ. ಕೈ ಲೇಖನಿಯಂತೆ ಹಗುರಾಗಿ ಓಡುತ್ತದೆ. ಹೀಗೆ ಮೂಡಿದ ‘ಹತಾಶ ಪುರುಷ’ದಲ್ಲಿ ಒಬ್ಬ ಬೆತ್ತಲೆ ಮನುಷ್ಯ ತನ್ನ ಕೂದಲನ್ನೇ ಕಿತ್ತುಕೊಳ್ಳುತ್ತಿದ್ದಾನೆ. ಇಲ್ಲಿ ಕೈವಾರಕ್ಕೆ ಕೆಲಸವಿಲ್ಲ. ದುಃಖ ಆ ಮೈಯನ್ನು ಮುದುಡಿಸಿದೆ.

ಮಾನವದೇಹದ ಪ್ರಮಾಣವನ್ನು ಕುರಿತ ಡ್ಯೂರರನ ಗ್ರಂಥ ಅಚ್ಚಾದದ್ದು 1528ರಲ್ಲಿ, ಅವನು ತೀರಿಕೊಂಡ ಕೆಲವು ತಿಂಗಳ ಮೇಲೆ. ಅದರಲ್ಲಿ ಒಂದೇ ಅಳತೆಯಿಲ್ಲ. ಸ್ಥೂಲಕಾಯರು, ಕೃಶಕಾಯರು, ಮಗು, ಎಲ್ಲರಿಗೂ ಅವರವರ ಅಳತೆಯುಂಟು. ಸೌಂದರ್ಯವೆಂದರೆ ಏನೆಂದು ತನಗೆ ತಿಳಿಯದೆಂದೂ ಅವನು ಬರೆದಿಟ್ಟಿದ್ದಾನೆ. ಕಲಾಪುಸ್ತಕಗಳಲ್ಲಿ ಈ ಚಿತ್ರಗಳು ಕಣ್ಣಿಗೆ ಬಿದ್ದರೆ ಆಡಮನನ್ನೂ ಆ ಹತಾಶನನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಒಂದೇ ಕೈ ಎರಡಕ್ಕೂ ಅಷ್ಟೇ ಶ್ರದ್ಧೆಯಿಂದ ದುಡಿದಿದೆ.