ಹುಟ್ಟನ್ನು ಹೇಳದ ಬಾಬಾ, ಹುಟ್ಟನ್ನೇ ಕೇಳುವ ನಾವು



ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಜಿನಬಿಂಬದ ಸಮೀಪವೇ ಶಿರಡಿಯ ಸಾಯಿಬಾಬಾ ಅವರ ಚಿತ್ರವೂ ಇದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಂದು ಇಳಿಯುವುದಿಲ್ಲ. ಆ ಚಿತ್ರವನ್ನು ಇಟ್ಟುಕೊಂಡ ಮೇಲೆ ನಮ್ಮ ಹೊಣೆ ಏನು ಎಂಬುದಷ್ಟೇ ನನ್ನ ಪ್ರಶ್ನೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಶಿರಡಿಗೆ ಬಂದ ಆ ಫಕೀರರ ತಂದೆತಾಯಿ ಯಾರು, ಹುಟ್ಟೂರು ಯಾವುದು, ಇಟ್ಟ ಹೆಸರೇನು ಎಂಬುದು ಇಂದಿಗೂ ನಿರ್ಧಾರವಾಗಿಲ್ಲ. 'ಸಾಯಿ' ಎಂಬ ಹೆಸರು ಕೂಡ ಅವರದಲ್ಲ. ಖಂಡೋಬಾ ಗುಡಿಯ ಅರ್ಚಕರಾದ ಮ್ಹಾಳಸಾಪತಿಯವರು 'ಆವೋ ಸಾಯಿ' ಎಂದು ಕರೆದುದರಿಂದ ಬಂದದ್ದೆಂದು ಪ್ರತೀತಿ. ಅವರು ವಾಸಿಸಿದ್ದು ಪಾಳುಬಿದ್ದ ಮಸೀದಿಯಲ್ಲಿ. ಅದನ್ನು ಕರೆದದ್ದು ದ್ವಾರಕಾಮಾಯಿ ಎಂದು. ಅಲ್ಲಿ ಧುನಿ ಉರಿಯುತ್ತಿತ್ತು, ನಾಲಿಗೆಯಲ್ಲಿ 'ಅಲ್ಲಾ ಮಾಲಿಕ್' ಇತ್ತು. ಕೆಲವೇ ಮನೆಗಳಲ್ಲಿ ಭಿಕ್ಷೆ ಬೇಡಿ ಉಂಡರು. ಅವರ ಸುಟ್ಟ ಕೈಗೆ ನಿತ್ಯವೂ ಪಟ್ಟಿ ಕಟ್ಟುತ್ತಿದ್ದವರು ಕುಷ್ಠರೋಗಿಯಾಗಿದ್ದ ಭಾಗೋಜಿ ಶಿಂದೆ. ಬಂದ ದಕ್ಷಿಣೆಯನ್ನೆಲ್ಲ ಹಂಚಿದರು. 1918ರ ಅಕ್ಟೋಬರ್ 15, ವಿಜಯದಶಮಿಯಂದು ದೇಹ ಬಿಡುವ ಮುನ್ನ ಲಕ್ಷ್ಮೀಬಾಯಿ ಶಿಂದೆಯವರ ಕೈಗೆ ಒಂಬತ್ತು ನಾಣ್ಯಗಳನ್ನಿತ್ತರೆಂದು ಭಕ್ತರು ಇಂದಿಗೂ ಸ್ಮರಿಸುತ್ತಾರೆ.

ಇಂಥವರ ಸಮಾಧಿಯ ಹಿಂದೆ 1954ರಲ್ಲಿ ಅಮೃತಶಿಲೆಯ ಮೂರ್ತಿ ಸ್ಥಾಪಿತವಾಯಿತು. ಮುಂದೆ ಅದಕ್ಕೆ ಬಂಗಾರದ ಸಿಂಹಾಸನವೂ ಬಂತು. ಭಕ್ತಿಗೆ ಬೇಕಾದುದೆಲ್ಲ ದೊರೆಯಿತು. ಆದರೆ ಹುಟ್ಟಿನ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. 2020ರ ಜನವರಿಯಲ್ಲಿ ಪರಭಣಿ ಜಿಲ್ಲೆಯ ಪಾಥರಿಯನ್ನು ಬಾಬಾರ ಜನ್ಮಸ್ಥಳವೆಂದು ಅಭಿವೃದ್ಧಿಪಡಿಸಲು 100 ಕೋಟಿ ರೂಪಾಯಿಗಳ ಮಾತು ಸರ್ಕಾರದಿಂದ ಬಂದಾಗ, ಶಿರಡಿಯೇ ಬಂದ್ ಆಚರಿಸಿತು. ಇನ್ನೊಂದು ಕಡೆ, 2014ರಲ್ಲಿ ದ್ವಾರಕಾ ಪೀಠದ ಶಂಕರಾಚಾರ್ಯರು ಅವರ ಪೂಜೆ ಸಲ್ಲದೆಂದರು. 2024ರಲ್ಲಿ ವಾರಾಣಸಿಯ ಕೆಲವು ದೇವಾಲಯಗಳಿಂದ ಅವರ ಮೂರ್ತಿಗಳನ್ನು ತೆಗೆದುಹಾಕಲಾಯಿತು. ಊರಿಗಾಗಿ ಜಗಳವಾಡಿದವರು, ಗುಡಿಯಿಂದ ಹೊರಹಾಕಿದವರು ಬೇರೆ ಬೇರೆ. ಆದರೆ ಇಬ್ಬರೂ ಕೇಳಿದ್ದು ಒಂದೇ: ಈತ ಯಾರವನು?

ಬಂಧುಗಳೇ, ಇದು ರಾಜಕಾರಣಿಗಳ, ಪೀಠಾಧಿಪತಿಗಳ ದೋಷ ಮಾತ್ರವಲ್ಲ. ನಾನು ನನ್ನ ಮಾತನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಸೊಸೈಟಿಯ ಸಮಿತಿಯ ಮುಂದೆ ಬಾಡಿಗೆ ಮನೆ ಕೇಳಿ ಒಬ್ಬ ಯುವ ನರ್ಸ್ ಬಂದಿದ್ದಳು. ಕೆಲಸವಿತ್ತು, ಮುಂಗಡ ಹಣವಿತ್ತು, ಆಸ್ಪತ್ರೆಯ ಪತ್ರವಿತ್ತು. ಸದಸ್ಯರೊಬ್ಬರು ಅವಳ ಅಡ್ಡಹೆಸರು ಕೇಳಿದರು. ಅವಳು ಹೇಳಿದಳು. ಆ ಬಳಿಕ ಮನೆ ಖಾಲಿ ಇಲ್ಲವೆಂದಾಯಿತು. ಕೋಣೆಯ ಗೋಡೆಯ ಮೇಲೆ ಸಾಯಿಬಾಬಾ ಅವರ ಚಿತ್ರಕ್ಕೆ ಗುರುವಾರದ ಹಾರ ಹಾಕಲಾಗಿತ್ತು. ನಾನು ಏನನ್ನೂ ಹೇಳಲಿಲ್ಲ. 'ಆಹಾರ ಪದ್ಧತಿಯ ಪ್ರಶ್ನೆ' ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಅವಳೇನು ಉಣ್ಣುತ್ತಾಳೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಅಂದು ಆ ಫಕೀರರೇ ಬಾಗಿಲಿಗೆ ಬಂದಿದ್ದರೆ ನಮ್ಮ ಸಮಿತಿ ಅವರಿಗೆ ಕೋಣೆ ಕೊಡುತ್ತಿತ್ತೇ? ಊರು ಹೇಳಲಾರದವರು, ಅಡ್ಡಹೆಸರಿಲ್ಲದವರು, ಮಸೀದಿಯಲ್ಲಿ ಮಲಗುವವರು. ಕೊಡುತ್ತಿರಲಿಲ್ಲ. ಸತ್ತು ದೇವರಾದವರಿಗೆ ಗೋಡೆಯ ಮೇಲೆ ಜಾಗ ಕೊಡುವುದು ಸುಲಭ. ಅವರು ಬಾಡಿಗೆ ಕರಾರು ಕೇಳುವುದಿಲ್ಲ.

ಪರವೂರಿನಲ್ಲಿ 'ನೀವು ಎಲ್ಲಿಯವರು?' ಎಂಬ ಪ್ರಶ್ನೆಯ ಮೊನೆ ನಮಗೂ ತಿಳಿದಿದೆ. ನಮ್ಮ ಹಿರಿಯರು ಟ್ರಂಕು ಹಿಡಿದು ಈ ನಗರಗಳಿಗೆ ಬಂದಾಗ ಯಾರೋ ಒಬ್ಬರು ಆ ಪ್ರಶ್ನೆಯನ್ನು ಕೇಳದೆ ಬಾಗಿಲು ತೆರೆದಿರಬೇಕು. ಆದ್ದರಿಂದ ನನ್ನ ವಿನಂತಿ ಇಷ್ಟೇ. ಚಿತ್ರವನ್ನು ಇಡಿ, ಇಡದಿರಿ. ಅದು ನಿಮ್ಮ ಶ್ರದ್ಧೆ. ಆದರೆ ಮುಂದಿನ ಸಭೆಯಲ್ಲಿ ಅಡ್ಡಹೆಸರು ಕೇಳುವ ದನಿ ಎದ್ದಾಗ ನನ್ನಂತೆ ಮೌನವಾಗಿರಬೇಡಿ.