ಹಲವು ಕೈ ಬರೆದ ನಾಟಕ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಕೂತು ಸತ್ಯ ಹರಿಶ್ಚಂದ್ರ ನಾಟಕ ನೋಡಿದವರಿಗೆ ಸ್ಮಶಾನದ ಸೀನು ಮರೆಯುವಂಥದ್ದಲ್ಲ. ಹಾವು ಕಚ್ಚಿ ಸತ್ತ ಮಗ ಲೋಹಿತಾಶ್ವನನ್ನು ಚಂದ್ರಮತಿ ಹೊತ್ತು ತರುತ್ತಾಳೆ. ಸುಡುಗಾಡಿನ ತೆರಿಗೆಗೆ ಅವಳ ಬಳಿ ಕಾಸಿಲ್ಲ. ಕೊನೆಗೆ ಗಂಡ ಹರಿಶ್ಚಂದ್ರನೇ ಅವಳ ಕೊರಳಿಗೆ ಕತ್ತಿ ಎತ್ತಬೇಕಾಗುತ್ತದೆ. ಹಾರ್ಮೋನಿಯಂ ನಿಲ್ಲುತ್ತದೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ವಿಶ್ವೇಶ್ವರ ಪ್ರತ್ಯಕ್ಷನಾಗುತ್ತಾನೆ, ಲೋಹಿತಾಶ್ವ ಎದ್ದು ಕೂರುತ್ತಾನೆ.

ನಾನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಜಾನ್ ಫ್ಲೆಚರ್ ಎಂಬ ನಾಟಕಕಾರ ಇಂಥದೊಂದು ನಾಟಕದ ಬಗೆಯನ್ನು ಟ್ರಾಜಿಕಾಮಿಡಿ ಎಂದು ವಿವರಿಸಿದ. ನಗುವಿಗೆ ಕೊಲೆ ಬೆರೆಸಿದರೆ ಅದಾಗುವುದಿಲ್ಲ. ಸಾವು ಇರಬಾರದು, ಆದರೆ ಸಾವಿನ ಹತ್ತಿರ ಹೋಗಿ ಬರಬೇಕು ಎಂಬುದು ಅವನ ಮಾತಿನ ತಿರುಳು. ನಮ್ಮ ಹರಿಶ್ಚಂದ್ರನ ಕತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಇಲ್ಲಿ ಮಗ ಸತ್ತೇ ಏಳುತ್ತಾನೆ.

ಈ ಫ್ಲೆಚರ್ ಒಬ್ಬನೇ ಕೂತು ಬರೆದದ್ದಕ್ಕಿಂತ ಜೊತೆಗಾರರೊಂದಿಗೆ ಬರೆದದ್ದೇ ಹೆಚ್ಚು. ಮೊದಲು ಬ್ಯೂಮಂಟ್ ಎಂಬ ನಾಟಕಕಾರನ ಜೊತೆ, ಆಮೇಲೆ ಷೇಕ್ಸ್‌ಪಿಯರ್ ಜೊತೆ. 1634ರಲ್ಲಿ ಅಚ್ಚಾದ ‘ದ ಟೂ ನೋಬಲ್ ಕಿನ್ಸ್‌ಮೆನ್’ ನಾಟಕದ ಮೊದಲ ಪುಟದಲ್ಲೇ ಫ್ಲೆಚರ್, ಷೇಕ್ಸ್‌ಪಿಯರ್ ಇಬ್ಬರ ಹೆಸರೂ ಇದೆ.

ಮೈಸೂರಿನಲ್ಲೂ ಹೀಗೆ ಇಬ್ಬರು ಸೇರಿ ನಾಟಕ ಮಾಡಿದ್ದುಂಟು. ಚಾಮರಾಜ ಒಡೆಯರ ಆಸ್ಥಾನದಲ್ಲಿದ್ದ ಬಸವಪ್ಪ ಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಿ. ಸುಬ್ಬರಾಯರಿಗೆ ಬರುತ್ತಿತ್ತು. ಸುಬ್ಬರಾಯರು ಷೇಕ್ಸ್‌ಪಿಯರನ ‘ಒಥೆಲೊ’ದ ಅರ್ಥ ಬಿಡಿಸಿ ಹೇಳಿದರು, ಶಾಸ್ತ್ರಿಗಳು ಅದನ್ನು ಕನ್ನಡದ ನಾಟಕವಾಗಿಸಿದರು. ‘ಶೂರಸೇನ ಚರಿತ್ರೆ’ ಹುಟ್ಟಿದ್ದು ಹಾಗೆ. ಒಬ್ಬರ ಕಿವಿ, ಇನ್ನೊಬ್ಬರ ನಾಲಗೆ ಸೇರಿ ಆದ ಕೆಲಸ ಅದು. ಇಬ್ಬರಲ್ಲಿ ಯಾರ ಪಾಲೂ ಸಣ್ಣದೆಂದು ನನಗೆ ಅನಿಸುವುದಿಲ್ಲ.

1889ರಲ್ಲಿ ಆನಂದರಾಯರೆಂಬವರು ಷೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ಅನ್ನು ಕನ್ನಡಕ್ಕೆ ‘ರಾಮವರ್ಮ ಲೀಲಾವತಿ’ ಎಂದು ತಂದರು. ಅದರಲ್ಲಿ ಸತ್ತ ಪ್ರೇಮಿಗಳು ವಿಷ್ಣುವಿನ ಕೃಪೆಯಿಂದ ಬದುಕುತ್ತಾರೆ. ಮೂಲ ಕೆಟ್ಟಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೋಹಿತಾಶ್ವ ಎದ್ದದ್ದನ್ನು ಕಂಡ ಜನ, ಲೀಲಾವತಿಯೂ ಏಳಲಿ ಎಂದು ಬಯಸುವುದು ಸಹಜ.

ಹಲವರ ಕೈ ಸೇರಿಸಿ ನಾಟಕ ಕಟ್ಟುವ ನಮ್ಮ ಹಳ್ಳಿಯ ಡ್ರಾಮಾ ಮೇಷ್ಟ್ರೂ ಇದೇ ಸಾಲಿನವರು. ಒಂದು ಪುಸ್ತಕದ ಮಾತು, ಇನ್ನೊಂದರ ಕಂದಪದ್ಯ, ತಾವೇ ಕಟ್ಟಿದ ಹಾಡು, ಪಾತ್ರಧಾರಿ ಪ್ರಾಕ್ಟೀಸಿನಲ್ಲಿ ಸೇರಿಸಿದ ಒಂದು ಸಾಲು, ಎಲ್ಲವೂ ಅವರ ನೋಟ್‌ಬುಕ್ಕಿನಲ್ಲಿರುತ್ತವೆ. ಅಂಥದೊಂದು ನಿಮ್ಮ ಮನೆಯ ಅಟ್ಟದ ಮೇಲಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಯಾವ ಪದ್ಯ ಯಾರದೆಂದು ಹಿರಿಯರನ್ನು ಕೇಳಿ, ಪಕ್ಕದಲ್ಲೇ ಬರೆದಿಡಿ.