ಮೊದಲು ಅವಳ ಮಾತು ನಂಬೋಣ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ನಾವೀಗ ಬಾಯಿಬಿಟ್ಟು ಮಾತಾಡುತ್ತೇವೆ. ಅತ್ಯಾಚಾರದ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ. ‘ಮಾನ ಹೋಯಿತು’ ಅನ್ನುತ್ತೇವೆ. ಯಾರ ಮಾನ? ಹೋಗಬೇಕಾದದ್ದು ತಪ್ಪು ಮಾಡಿದವನ ಮಾನ.

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಇಂಥ ನೋವು ಹೇಳಿಕೊಳ್ಳಲು ಬಂದ ಹುಡುಗಿಯರು ಹೆಸರಿಸಿದ್ದು ಹೆಚ್ಚಾಗಿ ಗೊತ್ತಿದ್ದವರನ್ನೇ. ಸೋದರಮಾವ, ಭಾವ, ನೆರೆಮನೆಯವನು. ಅವರಿಗಿದ್ದ ದೊಡ್ಡ ಭಯ ಒಂದೇ: ‘ನನ್ನ ಮಾತು ಯಾರು ನಂಬುತ್ತಾರೆ, ಮೇಡಂ?’

ಈ ಭಯಕ್ಕೆ ಕಾರಣವಿದೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯಲ್ಲೇ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಮೈಮೇಲೆ ಗಾಯವಿಲ್ಲ, ಹಾಗಾಗಿ ಅವಳು ಒಪ್ಪಿದ್ದಳು ಎಂದು 1978ರಲ್ಲಿ ಸುಪ್ರೀಂ ಕೋರ್ಟು ಆ ಪೊಲೀಸರನ್ನು ಬಿಟ್ಟುಬಿಟ್ಟಿತು. ದೇಶದ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಹೊಡೆದಾಡಿ ತಡೆಯಲಿಲ್ಲ ಎಂಬ ಮಾತ್ರಕ್ಕೆ ಒಪ್ಪಿದಳೆಂದು ಅರ್ಥವಲ್ಲ ಎಂದು ಇಂದಿನ ಕಾನೂನೇ ಹೇಳುತ್ತದೆ.

ಹಾಗಾದರೆ ನಮ್ಮ ಬಳಿ ಒಬ್ಬಳು ಅಳುತ್ತಾ ಬಂದರೆ ಏನು ಮಾಡಬೇಕು? ‘ಅಲ್ಲಿಗೇಕೆ ಹೋಗಿದ್ದೆ?’ ಎಂದು ಕೇಳಬೇಡಿ. ‘ನಿನ್ನದೇನೂ ತಪ್ಪಿಲ್ಲ, ನಾವಿದ್ದೇವೆ’ ಅನ್ನಿ.

ಆಮೇಲೆ ಆಸ್ಪತ್ರೆ. ಸರ್ಕಾರಿಯಾಗಲಿ, ಖಾಸಗಿಯಾಗಲಿ, ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ‘ಮೊದಲು ಪೊಲೀಸ್ ಕಾಗದ ತನ್ನಿ’ ಎನ್ನುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ನಿಜ. ಆದರೆ ದೂರು ಕೊಡಲು ಅವಳಿಗೆ ಧೈರ್ಯ ಬಾರದಿದ್ದರೂ ಚಿಕಿತ್ಸೆ ನಿಲ್ಲಬಾರದು. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಬೇಗ ಆದಷ್ಟೂ ಒಳ್ಳೆಯದು. ಸಾಧ್ಯವಾದರೆ ಸ್ನಾನಕ್ಕೆ ಮೊದಲೇ ಹೋಗಲಿ. ಉಟ್ಟ ಬಟ್ಟೆ ಒಗೆಯದೆ ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಬೇಡ. ಸ್ನಾನ ಮಾಡಿಬಿಟ್ಟಿದ್ದರೂ ಕರೆದುಕೊಂಡು ಹೋಗಿ. ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು. ಎರಡು ಬೆರಳಿನ ಪರೀಕ್ಷೆ ಮಾಡಕೂಡದೆಂದು 2022ರಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿದೆ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ‘ನಮ್ಮ ಸರಹದ್ದಲ್ಲ’ ಎಂದು ಅಟ್ಟುವಂತಿಲ್ಲ. ಬರೆದುಕೊಳ್ಳಬೇಕಾದವಳು ಮಹಿಳಾ ಅಧಿಕಾರಿ. ಎಫ್‌ಐಆರ್ ಪ್ರತಿಗೆ ದುಡ್ಡಿಲ್ಲ. ದೂರು ಬರೆದುಕೊಳ್ಳದ ಪೊಲೀಸನಿಗೂ ಶಿಕ್ಷೆಯಿದೆ. ಅವಳ ಹೆಸರು ಅಚ್ಚು ಹಾಕುವುದು ಅಪರಾಧ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಪರಿಹಾರದ ಅರ್ಜಿಯೂ ಅಲ್ಲಿಗೇ.

ಊರಿನ ಹಿರಿಯರು ‘ಅವನಿಗೇ ಕೊಟ್ಟು ಮದುವೆ ಮಾಡಿಬಿಡಿ’ ಎಂದು ಪಂಚಾಯಿತಿ ಸೇರಿಸಬಹುದು. ಈ ಅಪರಾಧಕ್ಕೆ ರಾಜಿಯಿಲ್ಲ. ಅದು ಅವಳಿಗೆ ಜೀವಾವಧಿ ಶಿಕ್ಷೆ.

ಗಂಡನೇ ಬಲಾತ್ಕಾರ ಮಾಡಿದರೆ? ಹದಿನೆಂಟು ತುಂಬಿದ ಹೆಂಡತಿಯಾದರೆ ನಮ್ಮ ಕಾನೂನು ಅದನ್ನು ಅತ್ಯಾಚಾರ ಅನ್ನುವುದಿಲ್ಲ. ಈ ಅನ್ಯಾಯದ ವಿರುದ್ಧ ಹೋರಾಟ ಬಾಕಿಯಿದೆ. ಆದರೆ 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. ಆ ಬಾಗಿಲು ತಟ್ಟೋಣ.

ಕಡೆಯದಾಗಿ ಒಂದು ಕೆಲಸ. ಉಳಿತಾಯದ ಲೆಕ್ಕ ಬರೆಯುವ ಪುಸ್ತಕದ ಮೊದಲ ಪುಟದಲ್ಲಿ ಈ ನಂಬರುಗಳನ್ನು ಬರೆಯಿರಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಕಾನೂನು ನೆರವಿಗೆ 15100. ಜಿಲ್ಲೆಯ ‘ಸಖಿ’ ಕೇಂದ್ರ ಎಲ್ಲಿದೆ ಎಂದು ಹೋಗಿ ನೋಡಿ ಬನ್ನಿ. ರಾತ್ರಿ ಹೊತ್ತಾದರೂ ಜೊತೆಗೆ ಹೊರಡುವ ಇಬ್ಬರು ಯಾರೆಂದು ಇವತ್ತೇ ತೀರ್ಮಾನಿಸಿ. ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಾವು ಇದಕ್ಕೂ ನಿಲ್ಲೋಣ.